ಬೆಟ್ಟ ಸುತ್ತಿ ಬಂದ ಲೆಕ್ಕ

(ಸಿದ್ದಾಪುರ ಸೀಮೆಯ ಒಂದು ಮನೆಯ ಜಗಲಿ. ಮಳೆ ಹಿಡಿದು ಮೂರು ದಿನ. ಶಿರಸಿಯಲ್ಲಿ ಬಿ.ಎಸ್ಸಿ. ಓದುವ ಹುಡುಗಿ ಅಜ್ಜನ ಮನೆಗೆ ಬಂದಿದ್ದಾಳೆ. ಸೋದರಮಾವ ಭೂಮಾಪಕ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟ, ಗದ್ದೆ, ಬೆಟ್ಟಗಳನ್ನು ಇಪ್ಪತ್ತು ವರ್ಷದಿಂದ ಅಳೆಯುತ್ತ ಬಂದವನು.)

ಹುಡುಗಿ: ಮಾವ, ಒಂದು ಲೆಕ್ಕ ಸಿಕ್ಕಿಹಾಕಿಕೊಂಡಿದೆ. ದೀರ್ಘವೃತ್ತದ ಕ್ಷೇತ್ರಫಲ. ಎಕ್ಸ್ ಅಂದರೆ ಎ ಕಾಸ್ ಟಿ, ವೈ ಅಂದರೆ ಬಿ ಸೈನ್ ಟಿ. ಟಿ ಸೊನ್ನೆಯಿಂದ ಎರಡು ಪೈವರೆಗೆ ಹೋಗುತ್ತದೆ. ವೈ ಡಿಎಕ್ಸ್ ಅನುಕಲನ ಮಾಡಿದೆ. ಪೈ ಎಬಿ ಬರಬೇಕು, ಮೈನಸ್ ಪೈ ಎಬಿ ಬಂತು.

ಮಾವ: ನಡುವೆ ಎಲ್ಲೂ ತಪ್ಪಿಲ್ಲವಾ?

ಹುಡುಗಿ: ಮೂರು ಸಲ ಮಾಡಿ ನೋಡಿದೆ. ಡಿಎಕ್ಸ್ ಅಂದರೆ ಮೈನಸ್ ಎ ಸೈನ್ ಟಿ ಡಿಟಿ. ಅದನ್ನು ಬಿ ಸೈನ್ ಟಿ ಜೊತೆ ಗುಣಿಸಿದರೆ ಮೈನಸ್ ಎಬಿ ಸೈನ್ ವರ್ಗ ಟಿ. ಸೈನ್ ವರ್ಗದ ಅನುಕಲನ ಒಂದು ಪೂರ್ತಿ ಸುತ್ತಿಗೆ ಪೈ. ಅಲ್ಲಿಗೆ ಮೈನಸ್ ಪೈ ಎಬಿ. ಗೈಡಿನಲ್ಲಿ, ಕ್ಷೇತ್ರಫಲ ಋಣ ಆಗಲಾರದು, ಆದ್ದರಿಂದ ಚಿಹ್ನೆ ಬಿಟ್ಟುಬಿಡಿ ಅಂತ ಒಂದು ಸಾಲು ಬರೆದು ಮುಗಿಸಿದ್ದಾರೆ.

ಮಾವ: ಬಿಡಬೇಡ ಕೂಸೆ. ಇಡೀ ಪಾಠದಲ್ಲಿ ಇಟ್ಟುಕೊಳ್ಳಬೇಕಾದ್ದು ಅದೇ ಚಿಹ್ನೆ. ನೀನು ಯಾವ ಕಡೆಯಿಂದ ಸುತ್ತಿದೆ ಹೇಳು.

ಹುಡುಗಿ: ನಾನೆಲ್ಲಿ ಸುತ್ತಿದೆ? ಕೂತಲ್ಲೇ ಬರೆದದ್ದು.

ಮಾವ: ನಿನ್ನ ಟಿ ಸುತ್ತಿತು. ಟಿ ಸೊನ್ನೆ ಇದ್ದಾಗ ನೀನು ಬಲತುದಿಯಲ್ಲಿದ್ದೆ. ಸ್ವಲ್ಪ ಹೊತ್ತಿಗೆ ನೆತ್ತಿಗೆ ಹೋದೆ. ಆಮೇಲೆ ಎಡತುದಿ, ಆಮೇಲೆ ತಳ, ಮತ್ತೆ ಬಲತುದಿ. ದೇವಸ್ಥಾನದಲ್ಲಿ ಹೀಗೆ ಸುತ್ತುತ್ತೇವಾ?

ಹುಡುಗಿ: ಇಲ್ಲ, ಇದು ಅಪ್ರದಕ್ಷಿಣೆ.

ಮಾವ: ನಿನ್ನ ಮೈನಸ್ ಹೇಳುತ್ತಿರುವುದು ಅದನ್ನೇ. ವೈ ಡಿಎಕ್ಸ್ ಅಂದರೆ ಎತ್ತರ ಗುಣಿಸು ಅಗಲ. ಮೇಲರ್ಧದಲ್ಲಿ ಎತ್ತರ ಧನ, ಆದರೆ ನೀನು ಬಲದಿಂದ ಎಡಕ್ಕೆ ನಡೆಯುತ್ತಿದ್ದೆ. ಎಕ್ಸ್ ಕಡಿಮೆಯಾಗುತ್ತ ಬಂತು, ಅಗಲ ಋಣವಾಯಿತು. ಕೆಳಗರ್ಧದಲ್ಲಿ ಎಡದಿಂದ ಬಲಕ್ಕೆ ಬಂದೆ, ಅಗಲ ಧನ. ಅಲ್ಲಿ ಎತ್ತರ ಋಣ. ಎರಡೂ ಕಡೆ ಗುಣಲಬ್ಧ ಋಣವೇ. ಪ್ರದಕ್ಷಿಣೆ ಹಾಕಿದ್ದರೆ ಇದೇ ಲೆಕ್ಕ ಪ್ಲಸ್ ಪೈ ಎಬಿ ಕೊಡುತ್ತಿತ್ತು. ಸಂಖ್ಯೆ ಜಾಗದ ಅಳತೆ ಹೇಳಿತು, ಚಿಹ್ನೆ ನೀನು ಸುತ್ತಿದ ದಿಕ್ಕು ಹೇಳಿತು. ಎರಡೂ ನಿಜ. ಒಂದನ್ನು ಅಳಿಸಲಿಕ್ಕೆ ಯಾರಿಗೆ ಏನು ಹಕ್ಕು?

ಹುಡುಗಿ: ಇಷ್ಟು ಹೇಳಿದ್ದರೆ ಕ್ಲಾಸಿನಲ್ಲೇ ತಿಳಿಯುತ್ತಿತ್ತು. ಆದರೂ ಮಾವ, ಈ ಟಿ ಎಂತಕ್ಕೆ ಬೇಕು? ವೈಯನ್ನು ಎಕ್ಸ್‌ನಲ್ಲೇ ಬರೆದು ಕ್ಷೇತ್ರಫಲ ಕಂಡುಹಿಡಿಯೋದು ಪಿಯುಸಿಯಲ್ಲೇ ಬರುತ್ತಿತ್ತು. ಪ್ಯಾರಾಮೆಟ್ರಿಕ್ ಅಂತ ಸುತ್ತುಬಳಸು ದಾರಿ.

ಮಾವ: ಪ್ರಾಚಲ ಸಮೀಕರಣ ಅಂತ ಕನ್ನಡದಲ್ಲಿ. ನಮ್ಮ ಸೊಪ್ಪಿನ ಬೆಟ್ಟದ ಗಡಿಯನ್ನು ನೆನೆಸಿಕೋ. ದಣಪೆ ದಾಟಿ ಮೇಲೆ ಹೋಗುತ್ತದೆ, ಬಂಡೆ ಸುತ್ತಿ ಹಿಂದಕ್ಕೆ ಬರುತ್ತದೆ, ಹಳ್ಳದ ಗುಂಟ ಮತ್ತೆ ಮುಂದೆ ಹೋಗುತ್ತದೆ. ನಕಾಶೆಯ ಮೇಲೆ ಒಂದು ನೆಟ್ಟಗಿನ ಗೆರೆ ಎಳೆದರೆ ಗಡಿಯನ್ನು ನಾಲ್ಕು ಕಡೆ ಕತ್ತರಿಸುತ್ತದೆ. ಒಂದು ಎಕ್ಸ್‌ಗೆ ನಾಲ್ಕು ವೈ. ಅದನ್ನು ವೈ ಸಮ ಎಕ್ಸ್‌ನ ಇಂಥದ್ದು ಅಂತ ಬರೆದು ತೋರಿಸು ನೋಡೋಣ.

ಹುಡುಗಿ: ಆಗುವುದಿಲ್ಲ. ತುಂಡು ತುಂಡು ಮಾಡಬೇಕು.

ಮಾವ: ಹಳೆಯ ಮೋಜಣಿಯವರು ಹಾಗೇ ಮಾಡಿದರು. ನಮ್ಮ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತಲ್ಲ, ಅಲ್ಲಿಂದ ಬಂದದ್ದು ಈ ಗುಂಟೆ, ಆಣೆಯ ಪದ್ಧತಿ. ಮೂವತ್ತಮೂರು ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ, 1089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. ಜಮೀನಿನ ನಡುವೆ ಉದ್ದಕ್ಕೊಂದು ಗೆರೆ ಹಿಡಿದು, ಅದರಿಂದ ಎಡಕ್ಕೆ ಬಲಕ್ಕೆ ಲಂಬವಾಗಿ ಗಡಿ ಎಷ್ಟು ದೂರ ಅಂತ ಬರೆದುಕೊಳ್ಳುತ್ತಿದ್ದರು. ಆಮೇಲೆ ತ್ರಿಕೋನ, ತ್ರಾಪಿಜ್ಯಗಳಾಗಿ ಒಡೆದು ಕೂಡಿಸುವುದು. ನಿನ್ನ ಪಿಯುಸಿಯ ವೈ ಡಿಎಕ್ಸ್ ಅದೇ. ಗದ್ದೆ ಬಯಲಿಗೆ ಅದಕ್ಕಿಂತ ಚಂದದ ಪದ್ಧತಿ ಇಲ್ಲ. ಬೆಟ್ಟದಲ್ಲಿ ಮಾತ್ರ ನಡುಗೆರೆ ಹಿಡಿಯಲಿಕ್ಕೆ ಮರ, ಬಂಡೆ, ಕಂದಕ ಬಿಡುವುದಿಲ್ಲ. ಗಡಿಯಲ್ಲಿ ನಡೆಯಬಹುದು, ಅಷ್ಟೆ.

ಹುಡುಗಿ: ಗಡಿಯಲ್ಲಿ ನಡೆದರೆ ಸುತ್ತಳತೆ ಸಿಗುತ್ತದೆ. ಒಳಗಿನ ಜಾಗ ಹೇಗೆ ಸಿಗುತ್ತದೆ?

ಮಾವ: ಜಿಪಿಎಸ್ ಹಿಡಿದು ನಡೆ. ಪ್ರತಿ ಸೆಕೆಂಡಿಗೆ ಅದು ಎರಡು ಸಂಖ್ಯೆ ಬರೆದುಕೊಳ್ಳುತ್ತದೆ. ಮೂಡಣಕ್ಕೆ ಎಷ್ಟು ಮೀಟರ್, ಬಡಗಣಕ್ಕೆ ಎಷ್ಟು ಮೀಟರ್. ಗಡಿಯಾರ ಟಿ, ಆ ಎರಡು ಸಂಖ್ಯೆ ಎಕ್ಸ್ ಮತ್ತು ವೈ. ನಿನ್ನ ಪುಸ್ತಕದ ಪ್ರಾಚಲ ಸಮೀಕರಣ ಇಷ್ಟೇ. ಗಡಿ ಎಷ್ಟು ಸಲ ಹಿಂದೆಮುಂದೆ ತಿರುಗಿದರೂ ಒಂದು ಗಳಿಗೆಗೆ ನೀನು ಒಂದೇ ಕಡೆ ಇರುತ್ತೀಯ. ಒಂದು ಟಿಗೆ ಒಂದೇ ಎಕ್ಸ್, ಒಂದೇ ವೈ. ನಾಲ್ಕು ವೈಗಳ ಗೋಜಲು ಅಲ್ಲಿಗೆ ಮುಗಿಯಿತು.

ಹುಡುಗಿ: ಆಮೇಲೆ ಆ ಸಂಖ್ಯೆಗಳನ್ನು ಏನು ಮಾಡುವುದು?

ಮಾವ: ಹಗ್ಗ ನೆನೆಸಿಕೋ. ಬೆಟ್ಟದ ನಡುವೆ ಒಂದು ಗೂಟ. ಗೂಟದಿಂದ ನಿನ್ನ ಸೊಂಟಕ್ಕೆ, ಬೇಕಾದಷ್ಟು ಉದ್ದಕ್ಕೆ ಹಿಗ್ಗಿ ಕುಗ್ಗುವ ಹಗ್ಗ. ನೀನು ಗಡಿಯಲ್ಲಿ ಒಂದು ಹೆಜ್ಜೆ ಇಟ್ಟರೆ ಹಗ್ಗ ಒಂದು ಸಪೂರ ತ್ರಿಕೋನವನ್ನು ಗುಡಿಸುತ್ತದೆ. ಆ ತ್ರಿಕೋನದ ಕ್ಷೇತ್ರಫಲ, ಎಕ್ಸ್ ಡಿವೈ ಕಳೆ ವೈ ಡಿಎಕ್ಸ್, ಅದರ ಅರ್ಧ. ಸುತ್ತು ಮುಗಿಯುವುದರೊಳಗೆ ಹಗ್ಗ ಇಡೀ ಬೆಟ್ಟವನ್ನು ಗುಡಿಸಿರುತ್ತದೆ. ನಿನ್ನ ದೀರ್ಘವೃತ್ತಕ್ಕೆ ಹಾಕಿ ನೋಡು.

ಹುಡುಗಿ: ಎಕ್ಸ್ ಡಿವೈ ಅಂದರೆ ಎಬಿ ಕಾಸ್ ವರ್ಗ. ಮೈನಸ್ ವೈ ಡಿಎಕ್ಸ್ ಅಂದರೆ ಪ್ಲಸ್ ಎಬಿ ಸೈನ್ ವರ್ಗ. ಕೂಡಿಸಿದರೆ ಬರೀ ಎಬಿ! ಅರ್ಧ ಎಬಿ ಗುಣಿಸು ಎರಡು ಪೈ... ಪೈ ಎಬಿ. ಅನುಕಲನ ಮಾಡುವ ಕೆಲಸವೇ ಉಳಿಯಲಿಲ್ಲ ಮಾವ.

ಮಾವ: ಇಲ್ಲಿ ಅಪ್ರದಕ್ಷಿಣೆಯೇ ಧನ, ಅದನ್ನೂ ಗಮನಿಸು. ಗಣಿತದವರು ಆ ದಿಕ್ಕನ್ನೇ ಧನ ಅಂತ ಇಟ್ಟುಕೊಂಡಿದ್ದಾರೆ.

ಹುಡುಗಿ: ಗೂಟ ಬೆಟ್ಟದ ಹೊರಗೆ ಇದ್ದರೆ? ಪಕ್ಕದವರ ತೋಟದಲ್ಲಿ ನೆಟ್ಟಿದ್ದರೆ?

ಮಾವ: ಒಳ್ಳೆ ಪ್ರಶ್ನೆ. ನೀನು ಆಚೆಯ ಗಡಿಯಲ್ಲಿ ನಡೆಯುವಾಗ ಹಗ್ಗ ಬೆಟ್ಟವನ್ನೂ ಗುಡಿಸುತ್ತದೆ, ನಡುವಿನ ಪಕ್ಕದವರ ತೋಟವನ್ನೂ ಗುಡಿಸುತ್ತದೆ. ಈಚೆಯ ಗಡಿಯಲ್ಲಿ ತಿರುಗಿ ಬರುವಾಗ ಹಗ್ಗ ಹಿಮ್ಮುಖವಾಗಿ ತಿರುಗುತ್ತದೆ, ಅದೇ ತೋಟವನ್ನು ಕಳೆಯುತ್ತದೆ. ಉಳಿಯುವುದು ಬೆಟ್ಟ ಮಾತ್ರ. ನೀನು ಅಳಿಸಲಿಕ್ಕೆ ಹೊರಟಿದ್ದ ಮೈನಸ್ ಇಲ್ಲಿ ಇಲ್ಲದಿದ್ದರೆ ಪಕ್ಕದವರ ಜಾಗ ನಮ್ಮ ಪಹಣಿಗೆ ಬರುತ್ತಿತ್ತು.

ಹುಡುಗಿ: ಒಂದು ಸಂಖ್ಯೆ ಇಟ್ಟುಕೊಂಡು ತೋರಿಸು. ಅಕ್ಷರದಲ್ಲೇ ಮಾಡಿದರೆ ನಂಬಿಕೆ ಬರುವುದಿಲ್ಲ.

ಮಾವ: ಬರೆದುಕೋ. ನಾಲ್ಕು ಬಾಂದುಕಲ್ಲು, ನಡುವೆ ನೆಟ್ಟಗಿನ ಬೇಲಿ. ಮೊದಲನೇ ಕಲ್ಲೇ ಗೂಟ, ಅಂದರೆ 0, 0. ಎರಡನೆಯದು ಮೂಡಣಕ್ಕೆ 120 ಮೀಟರ್, ಬಡಗಣಕ್ಕೆ 10. ಮೂರನೆಯದು 140, 90. ನಾಲ್ಕನೆಯದು 30, 110. ಪ್ರತಿ ಜೋಡಿ ಕಲ್ಲಿಗೂ ಓರೆಯಾಗಿ ಗುಣಿಸಿ ಕಳೆ.

ಹುಡುಗಿ: ಒಂದರಿಂದ ಎರಡಕ್ಕೆ ಸೊನ್ನೆ. ಎರಡರಿಂದ ಮೂರಕ್ಕೆ, 120 ಗುಣಿಸು 90, ಅದರಲ್ಲಿ 140 ಗುಣಿಸು 10 ಕಳೆದರೆ 9400. ಮೂರರಿಂದ ನಾಲ್ಕಕ್ಕೆ, 15400ರಲ್ಲಿ 2700 ಹೋದರೆ 12700. ಕೊನೆಯದು ಮತ್ತೆ ಸೊನ್ನೆ. ಒಟ್ಟು 22100, ಅರ್ಧ 11050 ಚದರ ಮೀಟರ್.

ಮಾವ: ಗುಂಟೆಗೆ 101.17 ಚದರ ಮೀಟರ್. ಗುಂಟೆಗೂ ಹದಿನಾರು ಆಣೆಯೇ.

ಹುಡುಗಿ: 109.22 ಗುಂಟೆ. ಎರಡು ಎಕರೆ ಇಪ್ಪತ್ತೊಂಬತ್ತು ಗುಂಟೆ, ಮೇಲೆ ಮೂರೂವರೆ ಆಣೆ! ಬೆಟ್ಟದ ಒಳಗೆ ಕಾಲಿಡದೆ!

ಮಾವ: ನಮ್ಮ ಕಡೆಗೆ ಈ ಲೆಕ್ಕ ಎಷ್ಟು ದೊಡ್ಡದು ಗೊತ್ತಾ? ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು. ತೋಟಕ್ಕೆ ಹಾಕುವ ಸೊಪ್ಪು, ಕೊಟ್ಟಿಗೆಗೆ ಹಾಸುವ ದರಕು ಎಲ್ಲ ಅಲ್ಲಿಂದಲೇ. ಭೂಮಿ ಅರಣ್ಯದ್ದು, ಸೊಪ್ಪಿನ ಹಕ್ಕು ತೋಟಿಗನದ್ದು. ತೋಟ ಚಿಕ್ಕದು, ಸರಪಳಿಗೆ ಸಿಗುತ್ತದೆ. ಬೆಟ್ಟ ಅದರ ಒಂಬತ್ತು ಪಾಲು, ಸೊಟ್ಟ ಗಡಿ. ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ತೋಟದ ಪಾಲು ಒಂದು ದಿನದಲ್ಲಿ ಮುಗಿಯುತ್ತದೆ, ಬೆಟ್ಟದ ಪಾಲಿಗೆ ವರ್ಷಗಟ್ಟಲೆ ಜಗಳ. ಗಡಿ ಸುತ್ತುವ ಗಣಿತ ನೆಟ್ಟಗೆ ತಿಳಿದವನು ಊರಿಗೊಬ್ಬ ಇದ್ದರೆ ಎಷ್ಟೋ ಮನೆಗಳಲ್ಲಿ ಮಾತು ಬಿಟ್ಟವರು ಮಾತಾಡುತ್ತಿದ್ದರು.

ಹುಡುಗಿ: ನಾನು ಹಿಂದಿನ ವಾರ ಫೋನ್ ಹಿಡಿದು ಸುತ್ತಿದ್ದೆ ಮಾವ. ಆದರೆ ಒಂದೇ ಸಮ ನಡೆಯಲಿಲ್ಲ. ಉಂಬಳ ಹತ್ತಿತು, ನಿಂತು ಕಿತ್ತೆ. ಕತ್ತಿ ಬಿಟ್ಟುಬಂದಿದ್ದೆ, ಐವತ್ತು ಹೆಜ್ಜೆ ಹಿಂದೆ ಹೋಗಿ ತಂದೆ. ಲೆಕ್ಕ ಹಾಳಾಗಿರಬೇಕು.

ಮಾವ: ಏನೂ ಆಗಿಲ್ಲ. ನಿಂತಾಗ ಟಿ ಓಡಿತು, ಆದರೆ ಡಿಎಕ್ಸ್ ಸೊನ್ನೆ, ಡಿವೈ ಸೊನ್ನೆ. ಹಗ್ಗ ಅಲುಗಲಿಲ್ಲ, ಏನೂ ಕೂಡಲಿಲ್ಲ. ಕತ್ತಿ ತರಲಿಕ್ಕೆ ಹಿಂದೆ ಹೋದಾಗ ಐವತ್ತು ಹೆಜ್ಜೆಯ ತ್ರಿಕೋನಗಳು ಕಳೆದವು, ಅದೇ ದಾರಿಯಲ್ಲಿ ಮುಂದೆ ಬಂದಾಗ ಅಷ್ಟೇ ಕೂಡಿದವು. ನೀನು ಓಡು, ಕೂರು, ಬೆಳಿಗ್ಗೆ ಅರ್ಧ ಸುತ್ತಿ ಊಟ ಮಾಡಿ ಸಂಜೆ ಅರ್ಧ ಸುತ್ತು. ಕ್ಷೇತ್ರಫಲ ಕದಲುವುದಿಲ್ಲ. ಪುಸ್ತಕದಲ್ಲಿ ಡಿಎಕ್ಸ್ ಬದಲು ಎಕ್ಸ್‌ನ ಅವಕಲನ ಗುಣಿಸು ಡಿಟಿ ಅಂತ ಬರೆಯುತ್ತಾರಲ್ಲ, ಅದು ಬರೀ ಸೂತ್ರ ಅಲ್ಲ. ವೇಗ ಹೆಚ್ಚಿದರೆ ಹೊತ್ತು ಕಡಿಮೆ, ಹೊತ್ತು ಹೆಚ್ಚಿದರೆ ವೇಗ ಕಡಿಮೆ. ಗುಣಿಸಿದಾಗ ಉಳಿಯುವುದು ನಡೆದ ದೂರವೇ. ಯಾರು ನಡೆದರೂ ಬೆಟ್ಟ ಅಷ್ಟೇ.

ಹುಡುಗಿ: ಆದರೂ ನನಗೆ ಬಂದ ಉತ್ತರ ಪಹಣಿಗಿಂತ ತುಂಬ ಕಡಿಮೆ.

ಮಾವ: ಫೋನ್ ಕೊಡು... ಇಲ್ಲಿ ನೋಡು, ಹಳ್ಳದ ಹತ್ತಿರ. ನೀರು ಜಾಸ್ತಿ ಅಂತ ಸಂಕದ ಮೇಲೆ ದಾಟಿ ಆಚೆ ಹೋಗಿದ್ದೀಯ. ಅಲ್ಲಿ ನಿನ್ನ ದಾರಿ ತನ್ನನ್ನೇ ಕತ್ತರಿಸಿ ಎಂಟರ ಆಕಾರವಾಗಿದೆ. ಎಂಟನ್ನು ಬರೆಯುವಾಗ ಒಂದು ಕುಣಿಕೆಯನ್ನು ಪ್ರದಕ್ಷಿಣೆಯಾಗಿ ಸುತ್ತುತ್ತೇವೆ, ಇನ್ನೊಂದನ್ನು ಅಪ್ರದಕ್ಷಿಣೆಯಾಗಿ. ಒಂದು ಕೂಡುತ್ತದೆ, ಇನ್ನೊಂದು ಕಳೆಯುತ್ತದೆ. ಎಕ್ಸ್ ಸೈನ್ ಟಿ, ವೈ ಸೈನ್ ಎರಡು ಟಿ ಅಂತ ಇಟ್ಟುಕೊಂಡು ಪೂರ್ತಿ ಸುತ್ತಿಗೆ ವೈ ಡಿಎಕ್ಸ್ ಮಾಡು, ಸೊನ್ನೆ ಬರುತ್ತದೆ. ಹಾಗಂತ ಜಾಗ ಇಲ್ಲವೇ? ಅರ್ಧ ಸುತ್ತಿಗೆ ನಿಲ್ಲಿಸಿದರೆ ಒಂದು ಕುಣಿಕೆ ಸಿಗುತ್ತದೆ, ನಾಲ್ಕು ಭಾಗಿಸು ಮೂರು. ಎರಡೂ ಸೇರಿ ಎಂಟು ಭಾಗಿಸು ಮೂರು. ಪ್ರಾಚಲದ ಲೆಕ್ಕದಲ್ಲಿ ಮೊದಲು ಚಿತ್ರ ಬರೆ, ದಾರಿ ಎಲ್ಲಿ ತನ್ನನ್ನು ದಾಟುತ್ತದೆ ನೋಡು, ಯಾವ ಹೊತ್ತಿನಿಂದ ಯಾವ ಹೊತ್ತಿಗೆ ಅನ್ನೋದನ್ನು ಆಮೇಲೆ ತೀರ್ಮಾನಿಸು.

ಹುಡುಗಿ: ಇನ್ನೊಂದು ಕೇಳುತ್ತೇನೆ. ಬೆಟ್ಟ ಇಳಿಜಾರು. ನಾವು ನಕಾಶೆ ಮೇಲೆ ಅಳೆದದ್ದು ಮಟ್ಟದ ಜಾಗ ಅಲ್ಲವಾ?

ಮಾವ: ಹೌದು, ಎಲ್ಲ ಮೋಜಣಿಯೂ ಮಟ್ಟಕ್ಕೇ. ಮೂವತ್ತು ಡಿಗ್ರಿ ಇಳಿಜಾರಿದ್ದರೆ ದಾಖಲೆಯ ನಲವತ್ತು ಗುಂಟೆಗೆ ಬೆಟ್ಟದ ಮೈಮೇಲೆ ನಲವತ್ತಾರು ಗುಂಟೆ ಇರುತ್ತದೆ. ಹಗ್ಗವನ್ನು ನೆಲಕ್ಕೆ ಹಾಸಿ ಅಳೆದವರಿಗೂ ದಾಖಲೆಗೂ ತಾಳೆ ಬೀಳದ್ದು ಇದಕ್ಕೇ. ಯಾರೂ ಮೋಸ ಮಾಡಿರುವುದಿಲ್ಲ, ಆದರೂ ಮೋಸ ಅಂತ ಕೂಗಾಡುತ್ತಾರೆ.

ಹುಡುಗಿ: ಈ ದೀರ್ಘವೃತ್ತವನ್ನು ನಮ್ಮ ಹಳಬರು ಅಳೆದಿದ್ದರಾ?

ಮಾವ: ಮಹಾವೀರಾಚಾರ್ಯ ಅಳೆದ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ, ಸುಮಾರು 850. ಗಣಿತಸಾರಸಂಗ್ರಹ ಅವನ ಗ್ರಂಥ, ಸಂಸ್ಕೃತದ್ದು. ದೀರ್ಘವೃತ್ತವನ್ನು ಅವನು ಆಯತವೃತ್ತ ಅಂತ ಕರೆದ. ಸುತ್ತಳತೆಗೆ ಒಂದು ಸೂತ್ರ ಕೊಟ್ಟ. ಉದ್ದ ವ್ಯಾಸದ ವರ್ಗದ ನಾಲ್ಕರಷ್ಟು, ಗಿಡ್ಡ ವ್ಯಾಸದ ವರ್ಗದ ಆರರಷ್ಟು, ಎರಡನ್ನೂ ಕೂಡಿಸಿ ವರ್ಗಮೂಲ. ಅದು ಸತ್ಯಕ್ಕೆ ಹತ್ತಿರ. ಕ್ಷೇತ್ರಫಲಕ್ಕೆ ಮಾತ್ರ ಆ ಸುತ್ತಳತೆಯನ್ನು ಗಿಡ್ಡ ವ್ಯಾಸದ ಕಾಲುಭಾಗದಿಂದ ಗುಣಿಸಿದ. ವೃತ್ತಕ್ಕೆ ಅದು ಹೊಂದುತ್ತದೆ, ದೀರ್ಘವೃತ್ತಕ್ಕೆ ಹೊಂದುವುದಿಲ್ಲ. ಎ, ಬಿಯ ಎರಡರಷ್ಟಿದ್ದರೆ ಅವನ ಸೂತ್ರಕ್ಕೆ ಬಿ ವರ್ಗದ 4.69 ಪಾಲು ಬರುತ್ತದೆ, ಬರಬೇಕಾದ್ದು 6.28.

ಹುಡುಗಿ: ಕಾಲುಭಾಗ ಕಡಿಮೆ. ಅಷ್ಟು ದೊಡ್ಡವನು ತಪ್ಪಿದನಾ?

ಮಾವ: ತಪ್ಪಿದ. ಆದರೆ ಕನ್ನಡ ನೆಲದಲ್ಲಿ ನಿಂತು ಆ ಪ್ರಶ್ನೆಯನ್ನು ಎತ್ತಿಕೊಂಡನಲ್ಲ, ಅದಕ್ಕೆ ನಾನು ಕೈ ಮುಗಿಯುತ್ತೇನೆ. ಸುತ್ತಳತೆಯಿಂದ ಒಳಗಿನ ಜಾಗ ಸಿಗಬೇಕು ಅನ್ನುವ ಅವನ ಯೋಚನೆ ಹುಸಿಯಲ್ಲ. ಗಡಿಯ ಉದ್ದ ಒಂದೇ ಸಾಲದು, ಗಡಿಯ ಪ್ರತಿ ಹೆಜ್ಜೆಯೂ ಎಲ್ಲಿದೆ ಅನ್ನುವುದು ಬೇಕು. ಅದು ಗ್ರೀನ್ ಪ್ರಮೇಯ ಅಂತ ಈಗ ಪಾಠದಲ್ಲಿದೆ. ಜಾರ್ಜ್ ಗ್ರೀನ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹಿಟ್ಟಿನ ಗಿರಣಿ ನೋಡಿಕೊಂಡಿದ್ದವನು. 1828ರಲ್ಲಿ ಚಂದಾ ಎತ್ತಿ ತನ್ನ ಪ್ರಬಂಧ ಅಚ್ಚು ಹಾಕಿಸಿದ. ಗಡಿ ಸುತ್ತಿ ಜಾಗ ಅಳೆಯುವ ಇದೇ ಕೆಲಸಕ್ಕೆ 1854ರಲ್ಲಿ ಸ್ವಿಟ್ಜರ್ಲೆಂಡಿನ ಆಮ್ಸ್ಲರ್ ಪ್ಲಾನಿಮೀಟರ್ ಮಾಡಿದ. ಎರಡು ಕೈಯ ಸಣ್ಣ ಯಂತ್ರ. ಅದರ ಮೊನೆಯನ್ನು ನಕಾಶೆಯ ಗಡಿಯ ಮೇಲೆ ಒಂದು ಸುತ್ತು ಎಳೆದರೆ ಚಕ್ರ ತಿರುಗಿ ಒಳಗಿನ ಕ್ಷೇತ್ರಫಲ ತೋರಿಸುತ್ತಿತ್ತು.

ಹುಡುಗಿ: ನಾಳೆಯ ಪಾಠ ಸೈಕ್ಲಾಯ್ಡ್. ಉರುಳುವ ಚಕ್ರದ ಅಂಚಿನ ಒಂದು ಬಿಂದು ಬರೆಯುವ ಗೆರೆ. ಉತ್ತರ ಮೂರು ಪೈ ಆರ್ ವರ್ಗ ಅಂತ ಬಾಯಿಪಾಠ ಆಗಿದೆ, ಆದರೆ ಕಣ್ಣಿಗೆ ಕಟ್ಟುವುದಿಲ್ಲ.

ಮಾವ: ಶಿರಸಿಯ ಮಾರಿಕಾಂಬೆಯ ಜಾತ್ರೆಗೆ ಹೋಗಿದ್ದೀಯಲ್ಲ? ಎರಡು ವರ್ಷಕ್ಕೊಮ್ಮೆ ದೇವಿ ರಥ ಏರಿ ಬಿಡಕಿಬಯಲಿಗೆ ಬರುತ್ತಾಳೆ. ಎಲ್ಲರೂ ಮೇಲೆ ನೋಡುತ್ತಾರೆ. ಮುಂದಿನ ಸಲ ಒಂದು ಗಳಿಗೆ ಕೆಳಗೆ ಗಾಲಿ ನೋಡು. ಅಂಚಿನಲ್ಲಿ ಕುಂಕುಮದ ಒಂದು ಬೊಟ್ಟು ಇದೆ ಅಂದುಕೋ. ನೆಲ ಮುಟ್ಟಿದ ಗಳಿಗೆಯಲ್ಲಿ ಅದು ನಿಂತೇ ಬಿಡುತ್ತದೆ. ರಥ ಮುಂದೆ ಹೋಗುತ್ತಿದ್ದರೂ ಬೊಟ್ಟು ಮುಂದೆ ಹೋಗುವುದಿಲ್ಲ. ನೆತ್ತಿಗೆ ಹೋದಾಗ ರಥದ ಎರಡರಷ್ಟು ವೇಗ. ಅದು ಗಾಳಿಯಲ್ಲಿ ಬರೆಯುವ ಕಮಾನೇ ಸೈಕ್ಲಾಯ್ಡ್. ಎಕ್ಸ್ ಅಂದರೆ ಆರ್ ಗುಣಿಸು ಟಿ ಕಳೆ ಸೈನ್ ಟಿ, ವೈ ಅಂದರೆ ಆರ್ ಗುಣಿಸು ಒಂದು ಕಳೆ ಕಾಸ್ ಟಿ.

ಹುಡುಗಿ: ಎಕ್ಸ್‌ನ ಅವಕಲನ ಆರ್ ಗುಣಿಸು ಒಂದು ಕಳೆ ಕಾಸ್ ಟಿ. ಅದು ವೈಯೇ ಆಯಿತಲ್ಲ!

ಮಾವ: ಅಲ್ಲೇ ಇದರ ಸೊಗಸು. ಬೊಟ್ಟು ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ವೇಗದಲ್ಲಿ ಮುಂದೆ ಹೋಗುತ್ತದೆ. ಹಾಗಾಗಿ ಎತ್ತರದ ವರ್ಗವನ್ನು ಕೂಡಿಸಿದರೆ ಮುಗಿಯಿತು. ಒಂದು, ಕಳೆ ಎರಡು ಕಾಸ್, ಕೂಡಿಸು ಕಾಸ್ ವರ್ಗ. ಒಂದು ಸುತ್ತಿಗೆ ಮೊದಲನೆಯದು ಎರಡು ಪೈ, ನಡುವಿನದು ಸೊನ್ನೆ, ಕೊನೆಯದು ಪೈ. ಒಟ್ಟು ಮೂರು ಪೈ ಆರ್ ವರ್ಗ. ಆರಡಿ ಎತ್ತರದ ಗಾಲಿ ಅಂತಿಟ್ಟುಕೋ. ಗಾಲಿಯ ಮುಖ 28.3 ಚದರಡಿ, ಕಮಾನಿನ ಕೆಳಗೆ 84.8.

ಹುಡುಗಿ: ಆದರೆ ಒಂದು ಗೊಂದಲ. ಬೊಟ್ಟಿನ ಸರಾಸರಿ ಎತ್ತರ ಗಾಲಿಯ ನಡು, ಮೂರಡಿ ಇರಬೇಕು. ಒಂದು ಸುತ್ತಿಗೆ ರಥ 18.85 ಅಡಿ ಹೋಗುತ್ತದೆ. ಗುಣಿಸಿದರೆ 56.5 ಮಾತ್ರ.

ಮಾವ: ಮೂರಡಿ ಅನ್ನುವುದು ಗಡಿಯಾರ ನೋಡಿ ತೆಗೆದ ಸರಾಸರಿ. ಕ್ಷೇತ್ರಫಲಕ್ಕೆ ಬೇಕಾದದ್ದು ನೆಲ ನೋಡಿ ತೆಗೆದ ಸರಾಸರಿ. ಬೊಟ್ಟು ಕೆಳಗಿದ್ದಾಗ ಮುಂದೆ ಹೋಗುವುದೇ ಇಲ್ಲ, ಆದ್ದರಿಂದ ಆ ತಗ್ಗಿನ ಹೊತ್ತು ನೆಲದ ಲೆಕ್ಕಕ್ಕೆ ಹೆಚ್ಚು ಬರುವುದಿಲ್ಲ. ಮೇಲಿದ್ದಾಗ ಓಡುತ್ತದೆ, ಆ ಎತ್ತರ ತುಂಬ ನೆಲದ ಮೇಲೆ ಹರಡುತ್ತದೆ. ನೆಲದ ಸರಾಸರಿ ನಾಲ್ಕೂವರೆ ಅಡಿ. ಬರೀ ವೈ ಡಿಟಿ ಮಾಡದೆ ಎಕ್ಸ್‌ನ ಅವಕಲನದಿಂದ ಯಾಕೆ ಗುಣಿಸಬೇಕು ಅಂತ ಯಾರಾದರೂ ಕೇಳಿದರೆ ಈ ಬೊಟ್ಟು ತೋರಿಸು.

ಹುಡುಗಿ: ಇದನ್ನು ಮೊದಲು ಕಂಡವರು ಯಾರು?

ಮಾವ: ಗೆಲಿಲಿಯೋಗೆ ಸೂತ್ರ ಸಿಕ್ಕಿರಲಿಲ್ಲ. ಲೋಹದ ತಗಡಿನಲ್ಲಿ ಕಮಾನನ್ನೂ ವೃತ್ತವನ್ನೂ ಕತ್ತರಿಸಿ ತೂಗಿದ. ಸುಮಾರು ಮೂರು ಪಟ್ಟು ಬಂತು, ಸರಿಯಾಗಿ ಮೂರೇ ಇರಲಿಕ್ಕಿಲ್ಲ ಅಂತ ಅನುಮಾನಪಟ್ಟ. ಮೂರೇ ಅಂತ 1634ರಲ್ಲಿ ಫ್ರಾನ್ಸಿನ ರೊಬೆರ್ವಾಲ್ ಸಾಧಿಸಿದ.

ಹುಡುಗಿ: ನಾವೂ ತೂಗೋಣವಾ? ಅಡಿಕೆ ಹಾಳೆಯಲ್ಲಿ ಕತ್ತರಿಸಬಹುದು.

ಮಾವ: ಹಾಳೆ ಬೇಡ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆ ಬಿಚ್ಚು. ಒಂದು ಅಡಿ ಅಗಲದ ಪಾತ್ರೆಯ ಮುಚ್ಚಲಕ್ಕೆ ಅಂಚಿನಲ್ಲಿ ಪೆನ್ಸಿಲ್ ಕಟ್ಟು, ಮರದ ಪಟ್ಟಿಯ ಮೇಲೆ ಜಾರದಂತೆ ಉರುಳಿಸು.

(ಒಂದೂವರೆ ತಾಸಿನ ಮೇಲೆ. ಕಾಳುಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಜಗಲಿಗೆ ಬಂದಿದೆ.)

ಹುಡುಗಿ: ಮುಚ್ಚಲದ ಅಳತೆಯ ವೃತ್ತ 42 ಗ್ರಾಂ. ಕಮಾನು 125. ಮೂರು ಪಟ್ಟಿಗೆ ಒಂದು ಗ್ರಾಂ ಕಡಿಮೆ ಮಾವ!

ಮಾವ: ಆ ಒಂದು ಗ್ರಾಂ ನಿನ್ನ ಕತ್ತರಿಯದ್ದು. ನೋಟ್‌ಬುಕ್ ತೆಗೆ. ಬೆಳಿಗ್ಗೆಯ ದೀರ್ಘವೃತ್ತಕ್ಕೆ ಮೈನಸ್ ಪೈ ಎಬಿ ಅಂತಲೇ ಇರಲಿ, ಪಕ್ಕದಲ್ಲಿ ಅಪ್ರದಕ್ಷಿಣ ದಿಕ್ಕು ಅಂತ ಬರೆ.

ಹುಡುಗಿ: ಅಂಕ ಹೋದರೆ?

ಮಾವ: ಕೊನೆಯಲ್ಲಿ, ಕ್ಷೇತ್ರಫಲ ಪೈ ಎಬಿ ಅಂತ ಸೇರಿಸು, ಅಂಕ ಹೋಗುವುದಿಲ್ಲ. ಕಾಲೇಜಿಗೆ ಹೋದಾಗ ನಿಮ್ಮ ಮಾಸ್ತರರ ಹತ್ತಿರ ನನ್ನದೊಂದು ಕೋರಿಕೆ ಹೇಳು. ಈ ಪಾಠವನ್ನು ಹಲಗೆಯ ಮುಂದೆ ಶುರು ಮಾಡುವುದು ಬೇಡ. ಮೈದಾನದಲ್ಲಿ ಎರಡು ಗೂಟ ನೆಟ್ಟು, ಅವಕ್ಕೆ ಸಡಿಲ ಹಗ್ಗ ಕಟ್ಟಿ, ಕೋಲಿನಿಂದ ಹಗ್ಗ ಬಿಗಿಹಿಡಿದು ಸುತ್ತಿದರೆ ನೆಲದ ಮೇಲೆ ದೀರ್ಘವೃತ್ತ ಮೂಡುತ್ತದೆ. ಅದರ ಮೇಲೆ ಮಕ್ಕಳನ್ನು ಒಂದು ಸಲ ಪ್ರದಕ್ಷಿಣೆ, ಒಂದು ಸಲ ಅಪ್ರದಕ್ಷಿಣೆ ನಡೆಸಲಿ, ಹೆಜ್ಜೆ ಹೆಜ್ಜೆಗೂ ಎಕ್ಸ್, ವೈ ಬರೆಸಲಿ. ಎರಡು ಗೂಟ, ಒಂದು ಹಗ್ಗ, ಒಂದು ಟೇಪು, ಒಂದು ಮಧ್ಯಾಹ್ನ. ಇಷ್ಟು ಸಾಕು.